ಮೇಲಿನ ಕೋಣೆಯ ಪ್ರಿಂಟರ್

ನಮ್ಮ ಬೀದಿಯ ದೊಡ್ಡವರಿಗೂ ಚಿಕ್ಕವರಿಗೂ ಅವರು ಜೆರಾಕ್ಸ್ ಅಣ್ಣ. ಹರೆಯದಲ್ಲಿ ಮುದ್ರಣಾಲಯವೊಂದರಲ್ಲಿ ಅಕ್ಷರ ಜೋಡಿಸುತ್ತಿದ್ದರು. ಅದು ಮುಚ್ಚಿದ ಮೇಲೆ ನನ್ನ ಹೊಲಿಗೆ ಅಂಗಡಿಯ ಪಕ್ಕದ ಮಳಿಗೆ ಹಿಡಿದು, ಒಂದು ಕಂಪ್ಯೂಟರ್, ಎರಡು ಪ್ರಿಂಟರ್, ಕಾಗದ ಕತ್ತರಿಸುವ ಒಂದು ಯಂತ್ರ ಇಟ್ಟುಕೊಂಡು ಕೂತರು. ಕಾಲೇಜಿನವರ ಪ್ರಬಂಧಕ್ಕೆ ರಟ್ಟು ಹಾಕಿ ಕೊಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಾತಿನಲ್ಲಿ ಮಾತ್ರ ಮಹಾ ಜಿಪುಣರು.

"ನಿಮ್ಮಣ್ಣನ ಬಾಯಿಂದ ಒಂದು ಮಾತು ಹೊರಡಿಸ್ಬೇಕಾದ್ರೆ ಇಕ್ಕಳ ಬೇಕು ಕಣೇ," ಎಂದು ಅವರ ಹೆಂಡತಿ ನನ್ನೆದುರು ನಗುತ್ತಿದ್ದರು. ಅವರನ್ನು ನಾನು ಅತ್ತಿಗೆ ಎಂದೇ ಕರೆಯುತ್ತಿದ್ದೆ.

ಅತ್ತಿಗೆಗೆ ಕಾಯಿಲೆ ಹತ್ತಿ, ಔಷಧಿಯ ದೆಸೆಯಿಂದ ಮೊದಲು ಕಿವಿ ಹೋಯಿತು, ಆಮೇಲೆ ಕಾಲಿನ ಬಲ. ಅಂಗಡಿಯ ಮೇಲಿನ ಕೋಣೆಯೇ ಅವರ ಲೋಕವಾಯಿತು. ಮೊಬೈಲಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಿದ್ದರು. ಅಣ್ಣ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಹಳೆಯ ಪ್ರಿಂಟರನ್ನು ಹೊತ್ತೊಯ್ದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಅಂಗಡಿಯ ನೆಟ್‌ವರ್ಕಿಗೆ ಸೇರಿಸಿದರು. ಕೆಳಗೆ ಕೂತು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದ್ದು ಮೇಲೆ ಅತ್ತಿಗೆಯ ಕೈಗೆ ಬೀಳುತ್ತಿತ್ತು. ಬಾಯಲ್ಲಿ ಬಾರದ ಮಾತೆಲ್ಲ ಕಾಗದದಲ್ಲಿ ಬರತೊಡಗಿತು. "ಈಗ ಬಂದವನ ಪ್ರಬಂಧದ ವಿಷಯ ಸಮಯಪಾಲನೆ. ನಾಳೆಯೇ ಕೊಡಬೇಕಂತೆ. ಇನ್ನೂ ಅರ್ಧ ಬರೆದಿಲ್ಲ." ಅತ್ತಿಗೆ ಓದಿ ನಕ್ಕದ್ದು ಕೆಳಗಿನವರೆಗೂ ಕೇಳುತ್ತಿತ್ತು.

ದೊಡ್ಡ ಆಸ್ಪತ್ರೆಗೆ ಹೋಗುವ ದಿನ ಅತ್ತಿಗೆ ಗಂಡನಿಂದ ಮಾತು ತೆಗೆದುಕೊಂಡರು. "ಡಾಕ್ಟರು ಏನಂದ್ರೂ ಇದ್ದದ್ದು ಇದ್ದ ಹಾಗೆ ನಂಗೆ ಹೇಳ್ಬೇಕು. ಊರಿಗೆಲ್ಲ ಗೊತ್ತಾಗಿ ನನಗೊಬ್ಬಳಿಗೇ ಗೊತ್ತಿಲ್ಲದ ಹಾಗೆ ಮಾಡ್ಬೇಡಿ."

ಡಾಕ್ಟರು ಅಣ್ಣನನ್ನೊಬ್ಬರನ್ನೇ ಒಳಗೆ ಕರೆದರು. ಇನ್ನು ಯಾವ ಔಷಧಿಯೂ ಹತ್ತುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ನೋವಾಗದ ಹಾಗೆ ನೋಡಿಕೊಳ್ಳಿ ಎಂದರು. ಅಣ್ಣ ಮನೆಗೆ ಬಂದು, ವರದಿ ಇನ್ನೂ ಬಂದಿಲ್ಲ ಎಂದು ಬರೆದು ಕಳಿಸಿದರು. ಅದಾಗಿ ಸ್ವಲ್ಪ ದಿನಕ್ಕೆ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿತು.

ಒಂದು ಸಂಜೆ ಅಣ್ಣ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತರು. ಡಾಕ್ಟರು ಹೇಳಿದ್ದನ್ನು ನನಗೆ ಹೇಳಿದರು.

"ಹೇಳ್ಬೇಕಮ್ಮ, ಮಾತು ಕೊಟ್ಟಿದ್ದೀನಿ. ಅವಳ ಮುಖ ನೋಡ್ಕೊಂಡು ಹೇಗೆ ಹೇಳ್ಲಿ? ಬರೆದು ಕಳಿಸೋಣ ಅಂದ್ರೆ ಕಂಪ್ಯೂಟರ್ ಹಾಳಾಗಿ ಕೂತಿದೆ."

"ಪಕ್ಕದಲ್ಲಿ ಕೂತ್ಕೊಂಡು ಹೇಳಿ ಅಣ್ಣಾ. ಮಾತು ದೇವರು ಕೊಡ್ತಾನೆ," ಎಂದೆ.

ಅವರು ತಲೆಯಾಡಿಸಿದರು. ಊಟ ಕೊಡಲು ಮೆಟ್ಟಿಲು ಹತ್ತಿದರು, ಮಾತ್ರೆ ಕೊಡಲು ಹತ್ತಿದರು, ಹೇಳಲು ಹತ್ತಲಿಲ್ಲ.

ಅತ್ತಿಗೆಯ ತಂಗಿ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಕಂಪ್ಯೂಟರ್ ಕೆಟ್ಟ ಸುದ್ದಿ ಕೇಳಿ ಬಂದಳು. ಡಾಕ್ಟರ ಮಾತು ಅವಳಿಗೂ ಗೊತ್ತಿರಲಿಲ್ಲ.

"ಈ ಲಿನಕ್ಸ್ ತೀರಾ ಹಳೇದಾಯ್ತು ಭಾವ, ನಿಮ್ಮ ಹಾಗೇ. ಇದನ್ನಾದ್ರೆ ಬದಲಾಯಿಸ್ಬಹುದು."

"ಬದಲಾಯಿಸು. ನಿಮ್ಮಕ್ಕನ ಪ್ರಿಂಟರ್ ಮಾತ್ರ ನಡೀಬೇಕು."

ಕಂಪ್ಯೂಟರನ್ನು ನಡೆಸುವ ಆ ಹಳೆಯ ತಂತ್ರಾಂಶ ತೆಗೆದು ಬೇರೊಂದು ಬಗೆಯ ಲಿನಕ್ಸ್ ಹಾಕಿದಳು. ಅಂಗಡಿಯ ಎರಡು ಪ್ರಿಂಟರುಗಳನ್ನು ಅದು ತಾನಾಗಿಯೇ ನೆಟ್‌ವರ್ಕಿನಲ್ಲಿ ಹುಡುಕಿಕೊಂಡಿತು. ಮೇಲಿನ ಕೋಣೆಯದು ಹಳೆಯ ಕಾಲದ್ದು. ಹೆಸರು ಪಟ್ಟಿಯಲ್ಲಿ ಕಾಣಿಸಿತಾದರೂ ಅವಳು ಕಳಿಸಿದ ಪರೀಕ್ಷೆಯ ಹಾಳೆ ಹೊರಗೆ ಬರಲಿಲ್ಲ.

"ಈ ಪ್ರಿಂಟರ್ ನಡೆಸೋ ತಂತ್ರಾಂಶ, ಅದರ ಡ್ರೈವರ್, ಬೇರೆ ಹುಡುಕ್ಬೇಕು. ನಾಳೆ ಮಧ್ಯಾಹ್ನ ಬಂದು ಹಾಕ್ತೀನಿ. ಅಲ್ಲೀವರೆಗೆ ಬಾಯಲ್ಲೇ ಮಾತಾಡಿ ಭಾವ, ನಾಲಿಗೆ ತುಕ್ಕು ಹಿಡಿದಿದೆ!"

ಮರುದಿನ ಬೆಳಿಗ್ಗೆ ನಡೆದದ್ದನ್ನು ಅಣ್ಣ ನನಗೆ ಆಮೇಲೆ ಹೇಳಿದರು. ಅಂಗಡಿಯ ಬಾಗಿಲು ಇನ್ನೂ ಎತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು, ಹೇಗೆ ಹೇಳಬೇಕೆಂದು ಬರೆದು ನೋಡಿದರು. 'ಡಾಕ್ಟರು ಇನ್ನಷ್ಟು ದಿನ ನೋಡೋಣ ಅಂದರು' ಎಂದು ಬರೆದು, ಮೇಲಿನ ಪ್ರಿಂಟರಿಗೆ ಒತ್ತಿದರು. ಹೇಗೂ ಹೋಗುವುದಿಲ್ಲವಲ್ಲ, ಒತ್ತಲು ಕೈ ಬರುತ್ತದೆಯೇ ನೋಡೋಣ ಎಂದು. ಅದು ಸುಳ್ಳೆಂದು ಮನಸ್ಸು ಚುಚ್ಚಿ ಇನ್ನೊಂದು ಬರೆದರು. ಅದನ್ನೂ ಒತ್ತಿದರು. ಕೊನೆಗೆ ನಿಜವನ್ನು ಬರೆದು ಅದನ್ನೂ ಒತ್ತಿದರು. ಆಮೇಲೆ ಬರೆದದ್ದನ್ನೆಲ್ಲ ಪರದೆಯಿಂದ ಅಳಿಸಿ ಅಂಗಡಿ ತೆರೆದರು.

ಹೋಗದ ಹಾಳೆ ಕಂಪ್ಯೂಟರಿನಲ್ಲಿ ಸರದಿಗೆ ಕಾದು ನಿಂತಿರುತ್ತದೆ. ಕಾಗದ ಸಿಕ್ಕಿಕೊಂಡಾಗಲೆಲ್ಲ ಅವರೇ ಗಿರಾಕಿಗಳಿಗೆ ಹೇಳುತ್ತಿದ್ದ ಮಾತು ಅದು. ಆ ಬೆಳಿಗ್ಗೆ ಅವರಿಗೇ ಹೊಳೆಯಲಿಲ್ಲ.

ಮಧ್ಯಾಹ್ನ ನಾನು ಮೇಲೆ ಅತ್ತಿಗೆಯ ಬಳಿ ಕೂತು ರವಿಕೆಗೆ ಗುಂಡಿ ಹಾಕುತ್ತಿದ್ದೆ. ಕೆಳಗೆ ತಂಗಿಯ ದನಿ ಕೇಳಿಸಿತು.

"ಭಾವ, ಡ್ರೈವರ್ ಕೂತ್ಕೊಳ್ತು. ಸರದೀಲಿ ಒಂದಷ್ಟು ಹಾಳೆ ಕಾಯ್ತಿವೆ, ಬಿಡ್ಲಾ?"

"ನಿನ್ನೆ ನೀನು ಕಳಿಸಿದ್ದಲ್ವಾ, ಬಿಡು," ಎಂದರು ಅಣ್ಣ. ಕಾಗದ ಕತ್ತರಿಸುವ ಸದ್ದು ನಿಲ್ಲಲಿಲ್ಲ.

ಸ್ಟೂಲಿನ ಮೇಲಿನ ಪ್ರಿಂಟರಿನ ದೀಪ ಹತ್ತಿತು. "ನೋಡೇ, ನಿಮ್ಮಣ್ಣನಿಗೆ ಬಾಯಿ ಬಂತು!" ಎಂದು ಅತ್ತಿಗೆ ದಿಂಬಿಗೆ ಒರಗಿ ಎದ್ದು ಕೂತರು. ಮೊದಲು ಬಣ್ಣದ ಪಟ್ಟಿಗಳ ಪರೀಕ್ಷೆಯ ಹಾಳೆ ಬಂತು. "ಇದೇನು, ಸೀರೆ ಅಂಚು ಕಳಿಸಿದ್ದಾರೆ?" ಎಂದು ನಕ್ಕರು. ಅದರ ಹಿಂದೆಯೇ ದಪ್ಪ ಅಕ್ಷರದ ಹಾಳೆಗಳು ಬಂದವು. ನಾನೇ ಒಂದೊಂದಾಗಿ ಎತ್ತಿ ಅವರ ಕೈಗೆ ಕೊಟ್ಟೆ. ಕೊನೆಯದನ್ನು ಅವರು ಎರಡು ಸಲ ಓದಿದರು. ಅದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ನೇವರಿಸಿದರು. ಆಗ ನನಗೂ ಅಕ್ಷರ ಕಾಣಿಸಿತು.

'ಇನ್ನು ಔಷಧಿ ಇಲ್ಲವಂತೆ. ನನಗೆ ಗೊತ್ತಾಗಿ ಬಹಳ ದಿನವಾಯಿತು. ಹೇಳಲು ಧೈರ್ಯ ಬರಲಿಲ್ಲ. ನೀನು ಹೋದ ಮೇಲೆ ನಾನು ಯಾರಿಗೆ ಬರೆಯಲಿ?'

ಸೂಜಿ ಹಿಡಿದ ಕೈಯಲ್ಲೇ ದೇವರನ್ನು ನೆನೆದೆ. ಯಾವ ದೇವರನ್ನು ಏನು ಕೇಳಬೇಕೆಂದು ತೋಚಲಿಲ್ಲ.

ಕೆಳಗೆ ಕುರ್ಚಿ ಬಿದ್ದ ಸದ್ದಾಯಿತು. ಪ್ರಿಂಟರ್ ಒಂದು ಹಾಳೆಗೆ ನಿಲ್ಲದ್ದು ಅಣ್ಣನಿಗೆ ಕೇಳಿಸಿತ್ತು. ಮೆಟ್ಟಿಲು ಹಾರಿಕೊಂಡು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಹಿಂದೆ ತಂಗಿ, ಏನೆಂದು ತಿಳಿಯದೆ.

ತಮ್ಮ ದನಿ ತಮಗೇ ಕೇಳಿಸದ ಅತ್ತಿಗೆ ಜೋರಾಗಿ ಕೇಳಿದರು. "ಇದನ್ನ ಹೊಟ್ಟೇಲಿ ಇಟ್ಕೊಂಡು ಇಷ್ಟು ದಿನ ಅನ್ನ ಹೇಗ್ರೀ ಉಂಡ್ರಿ?"

ಅಣ್ಣ ಮಂಚದ ಅಂಚಿಗೆ ಕುಸಿದು ಕೂತರು. ಪೆನ್ನಿಗಾಗಿ ಜೇಬು ತಡಕಿದರು. ಅತ್ತಿಗೆ ಆ ಕೈ ಹಿಡಿದರು.

"ಬರೆಯೋದು ಬೇಡ. ಬಾಯಲ್ಲಿ ಹೇಳಿ. ತುಟಿ ನೋಡ್ತೀನಿ."

ಅಣ್ಣನ ತುಟಿ ಎರಡು ಸಲ ತೆರೆದು ಮುಚ್ಚಿತು. ಆಮೇಲೆ ಹೇಳಿದರು.

"ಗೊತ್ತಾಗ್ಲಿಲ್ಲ. ನಿಧಾನಕ್ಕೆ, ಇನ್ನೊಂದ್ಸಲ," ಎಂದರು ಅತ್ತಿಗೆ.

ಇನ್ನೊಂದು ಸಲ ಹೇಳಿದರು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಭುಜ ಹಿಡಿದು ನಾನು ಕೆಳಗೆ ಕರೆದುಕೊಂಡು ಬಂದೆ.

ಆಮೇಲೆ ಅಣ್ಣ ಮಧ್ಯಾಹ್ನಕ್ಕೇ ಅಂಗಡಿಯ ಬಾಗಿಲೆಳೆದು ಮೇಲೆ ಹೋಗುತ್ತಿದ್ದರು. ಅವರ ಮಾತು ನನ್ನ ಅಂಗಡಿಗೂ ಕೇಳುತ್ತಿತ್ತು. ಮಾತು ಕಲಿಯುವ ಮಗುವಿನ ಹಾಗೆ ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದರು. ನಡುವೆ ಅತ್ತಿಗೆಯ ಗದರಿಕೆ: "ಏನಂದ್ರಿ? ಆ ಮೀಸೆ ಅಡ್ಡ ಬರತ್ತೆ!" ಮರುದಿನ ಅಣ್ಣ ಮೀಸೆ ಬೋಳಿಸಿಕೊಂಡು ಬಂದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಬಟ್ಟೆಯ ಮೇಲೆ ತಲೆ ಬಗ್ಗಿಸಿದೆ.

ಅತ್ತಿಗೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ನಸುಕಿನಲ್ಲಿ, ಅಣ್ಣ ಏನೋ ಹೇಳುತ್ತಿರುವಾಗಲೇ, ತುಟಿ ನೋಡುತ್ತಿದ್ದ ಕಣ್ಣು ಹಾಗೇ ನಿಂತಿತಂತೆ. ಹೇಳುತ್ತಿದ್ದದ್ದನ್ನು ಮುಗಿಸಿಯೇ ಎದ್ದೆ ಎಂದರು ಅಣ್ಣ.

ಅಂಗಡಿ ಮತ್ತೆ ತೆರೆದಿದೆ. ಗಿರಾಕಿ ಬಂದರೆ ಅಣ್ಣ ಈಗ ಮೇಜು ಸುತ್ತಿ ಮುಂದೆ ಬಂದು, ಎದುರಿಗೆ ನಿಂತು, ತುಟಿ ಪೂರ್ತಿ ತೆರೆದು ಜೋರಾಗಿ ಮಾತಾಡುತ್ತಾರೆ. "ಎಷ್ಟು... ಪ್ರತಿ... ಬೇಕು?" ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳು ನಕ್ಕುಬಿಟ್ಟಳು. "ಅಂಕಲ್, ನಂಗೆ ಕಿವಿ ಚೆನ್ನಾಗೇ ಕೇಳತ್ತೆ!"

"ಹೌದಲ್ವಾ ತಾಯಿ," ಎಂದರು ಅಣ್ಣ. ದನಿ ತಗ್ಗಿಸಲು ನೋಡಿದರು. ಆಗಲಿಲ್ಲ.