ಅಂಬಿಗನ ಸುದ್ದಿ

ಮೊನ್ನೆ ಚಿಕ್ಕೋಡಿಯ ಮನೆಯಲ್ಲಿ ಕಪಾಟು ಒರೆಸುವಾಗ ಹಳೆಯ ದಪ್ಪ ಪುಸ್ತಕವೊಂದನ್ನು ಕೊಡವಿದೆ. ಹಾಳೆಗಳ ನಡುವಿನಿಂದ ತಂಬಾಕಿನ ಪುಡಿ ಉದುರಿತು, ಎರಡು ಸೀನು ಬಂದವು. ತವರೂರು ನಿಪ್ಪಾಣಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಮಾವಶಿ ನೆನಪಾದರು. ಚಿಕ್ಕಮ್ಮನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ...

ಮಾವಶಿ ಬೀಡಿ ಕಟ್ಟುತ್ತಿದ್ದರು. ಓದು ಬರುತ್ತಿರಲಿಲ್ಲ. ಆಗ ಕಾಲೇಜಿನಲ್ಲಿದ್ದ ನನಗೆ ಮಾಟಗಾರರು, ಬೆಂಕಿಯುಗುಳುವ ಹಾವುಗಳು ತುಂಬಿದ್ದ ಐದು ಭಾಗದ ಇಂಗ್ಲಿಷ್ ಕಾದಂಬರಿಯ ಹುಚ್ಚು. ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕೂತು ಓದುತ್ತ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅವರ ಕೈ ಎಲೆ ಸುತ್ತುತ್ತಿತ್ತು, ಕಿವಿ ನನ್ನ ಕಡೆ. ಆ ಪಾತ್ರಗಳೆಲ್ಲ ಅವರಿಗೆ ನಮ್ಮ ಓಣಿಯವರೇ. ಗಂಡನಿಗೆ ವಿಷವಿಟ್ಟ ರಾಣಿಯನ್ನು ಬಾಯ್ತುಂಬ ಬೈಯುತ್ತಿದ್ದರು. ಕಪ್ಪು ಹೊಳೆಯಲ್ಲಿ ಜನರನ್ನು ದಾಟಿಸುವ ದೋಣಿಯವನ ಮೇಲೆ ಮಾತ್ರ ಬಲು ಜೀವ. ಅವನ ಹೆಸರು ನಾಲಿಗೆಗೆ ಒಗ್ಗದೆ ಅಂಬಿಗ ಎಂದೇ ಕರೆದರು.

ಎರಡನೆಯ ಭಾಗದಲ್ಲಿ ಒಬ್ಬ ಮುದಿ ಮಂತ್ರಗಾರ್ತಿ ಸತ್ತಳು. ಮಾವಶಿ ತಂಬಾಕಿನ ಮೊರ ಬದಿಗಿಟ್ಟು ಎದ್ದೇಬಿಟ್ಟರು. ಓಣಿಯಲ್ಲಿ ಯಾರಾದರೂ ಸತ್ತರೆ ಮಣ್ಣಾಗುವ ತನಕ ನಮ್ಮಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಅವತ್ತು ಅವರೂ ಒಲೆ ಹಚ್ಚಲಿಲ್ಲ. ಪುಸ್ತಕದ ಹೆಣಕ್ಕೂ ಸೂತಕವೇ ಎಂದು ನಕ್ಕೆ, ಆದರೆ ಒಳಗೆ ಹೆದರಿಕೆಯೂ ಆಯಿತು.

ಹಾಗಾಗಿ ಮೂರನೆಯ ಭಾಗದಲ್ಲಿ ಅಂಬಿಗ ಮುಳುಗಿ ಸತ್ತಾಗ ಆ ಎರಡು ಪುಟ ಹಾರಿಸಿದೆ. ಆಚೆ ದಂಡೆಗೆ ಹೋಗಿದ್ದಾನೆ, ಬರುತ್ತಾನೆ ಎಂದು ಹೇಳಿದೆ. ಅಂದಿನಿಂದ ದಿನಾ ಅವರ ಮೊದಲ ಪ್ರಶ್ನೆ, ಅಂಬಿಗ ಬಂದನೇ ಎಂದು. ನಾಳೆ ಬರಬಹುದು ಎಂದು ನನ್ನ ಉತ್ತರ. ಒಂದು ಸುಳ್ಳಿಗೆ ನೂರು ಸುಳ್ಳು ಅನ್ನುತ್ತಾರಲ್ಲ...

ನಾಲ್ಕನೆಯ ಭಾಗ ಮುಗಿಯುತ್ತ ಬಂದ ದಿನ ಅವರು ಕೈ ನಿಲ್ಲಿಸಿದರು.

"ಅವ ಸತ್ತಾನ, ಹೌದಿಲ್ಲೋ?"

ಇಲ್ಲ ಎಂದೆ.

"ಪುಸ್ತಕದಾಗ ಯಾರೂ ಅವನ ಹೆಸರು ತಗೋವಲ್ರು ತಂಗಿ. ನಮ್ಮ ಮನಿಯವರದೂ ಹಿಂಗ ಆತು. ಮೊದಲ ಎಲ್ಲಾರೂ ಬರ್ತಾನ ಬರ್ತಾನ ಅಂದ್ರು. ಆಮ್ಯಾಲ ಹೆಸರ ಬಿಟ್ರು."

ಅವರ ಗಂಡ ಕಬ್ಬಿನ ಗಾಡಿ ಹೊಡೆಯಲು ಉಗಾರದ ಕಡೆ ಹೋದವರು ಮರಳಿರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಮಾವಶಿ ಹಣೆಯ ಕುಂಕುಮ ಅಳಿಸಿರಲಿಲ್ಲ, ಅತ್ತೂ ಇರಲಿಲ್ಲ. ಇದು ಓಣಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಅದೇ ಮಾತನ್ನು ತಿಂಗಳುಗಟ್ಟಲೆ ಅವರಿಗೆ ಆಡಿದ್ದೆ.

"ಸತ್ರ ಸತ್ತಾನ ಅಂತ ಹೇಳಬೇಕವ್ವಾ. ಒಂದ ದಿನ ಒಲಿ ಹಚ್ಚಂಗಿಲ್ಲ, ಮರುದಿನ ಹಚ್ಚತೀವಿ. ಬರ್ತಾನ ಅಂದ್ರ ನಾ ಏನ ಮಾಡ್ಲಿ?"

ಆಗಲಾದರೂ ನಿಜ ಹೇಳಬಹುದಿತ್ತು. ಹಟವೋ ನಾಚಿಕೆಯೋ, ಬರುತ್ತಾನೆ ಎಂದೇ ಅಂದೆ. ಅವರು ಮತ್ತೊಂದು ಎಲೆ ಕೈಗೆತ್ತಿಕೊಂಡರು. ಆಮೇಲೆ ಕತೆ ಕೇಳಲಿಲ್ಲ. ಹೋದರೆ ಚಹಾ ಕೊಡುತ್ತಿದ್ದರು, ಅಷ್ಟೇ.

ಮದುವೆಯಾಗಿ ಚಿಕ್ಕೋಡಿಗೆ ಬಂದೆ. ಅವರು ತೀರಿಕೊಂಡ ಸುದ್ದಿ ಎಂಟು ದಿನ ತಡವಾಗಿ ಫೋನಿನಲ್ಲಿ ಬಂತು. ಹಣೆಗೆ ಕುಂಕುಮ ಇಟ್ಟೇ ಮಣ್ಣು ಮಾಡಿದರಂತೆ. ಹೌದೇನು ಎಂದೆ, ಫೋನ್ ಇಟ್ಟು ಕುಕ್ಕರಿನ ಮುಂದೆ ಸೀಟಿಗೆ ಕಾಯುತ್ತ ನಿಂತೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಎದೆಯ ಆ ಜಾಗ ಜೋಮು ಹಿಡಿದ ಕಾಲಿನ ಹಾಗೆ, ನನ್ನದೇ, ಆದರೆ ಏನೂ ತಿಳಿಯುವುದಿಲ್ಲ...

ಮೊನ್ನೆ ಕೊಡವಿದ್ದು ಅದೇ ಮೂರನೆಯ ಭಾಗ. ಆ ಎರಡು ಪುಟ ಹುಡುಕಿ ತೆಗೆದೆ. ಅಲ್ಲಿ ಮಾತ್ರ ತಂಬಾಕಿನ ಪುಡಿ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು, ನಮ್ಮ ಮಾತಿನಲ್ಲಿ, ಗಟ್ಟಿಯಾಗಿ ಹೇಳಿದೆ. ದೋಣಿ ಮಗುಚಿತು, ಅಂಬಿಗ ಮೇಲೆ ಬರಲಿಲ್ಲ. "ಸತ್ತಾನ ಮಾವಶಿ" ಎಂದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಗ್ಯಾಸ್ ಆರಿಸಿದೆ.

ಊಟದ ಹೊತ್ತಿಗೆ ಗಂಡ ಬಂದು ಅಡುಗೆ ಯಾಕೆ ಆಗಿಲ್ಲ ಎಂದು ಕೇಳಿದರು. ನಮ್ಮ ಓಣಿಯವರೊಬ್ಬರು ತೀರಿಕೊಂಡಿದ್ದಾರೆ ಎಂದೆ.