ಬೆಮಿರಾಯ್ ಮಾವ ಕೊಟ್ಟ ಮಾತು

ನಮ್ಮೂರಿನಲ್ಲಿ ಸತ್ತ ಹಿರಿಯರೊಂದಿಗೆ ಮಾತಾಡುವ ಹಕ್ಕು ಇದ್ದದ್ದು ನನ್ನ ಸೋದರಮಾವ ಬೆಮಿರಾಯ್‌ಗೆ ಮಾತ್ರ. ಮನೆ ಕಟ್ಟಲಿ, ಮಗು ಹುಟ್ಟಲಿ, ತನ್ನ ಅಮ್ಮನೂ ಮಲಗಿದ್ದ ಗೋರಿಗಳ ಗುಡ್ಡಕ್ಕೆ ಹೋಗಿ ರಮ್ ಸುರಿದು, ಮೊದಲು ತನ್ನ ಹೆಸರು ಹೇಳಿಕೊಳ್ಳುತ್ತಿದ್ದ. ಅಪ್ಪಣೆ ಕೇಳುತ್ತಿರುವವನು ಯಾರೆಂದು ಅವರಿಗೆ ಗೊತ್ತಾಗಬೇಕಲ್ಲ. ಉಳಿದ ಹೊತ್ತಿನಲ್ಲಿ ಲವಂಗ ಕೊಯ್ಯುತ್ತಿದ್ದ, ನನ್ನ ಅಡುಗೆಗೆ ಕೊಂಕು ತೆಗೆಯುತ್ತಿದ್ದ.

ಮುಟ್ಟಿದರೆ ಕೈಯೆಲ್ಲ ಮಸಿಯಾಗುವ ಗ್ರಾಫೈಟ್ ಕಲ್ಲು ನಮಗೆ ಹೊಸದಲ್ಲ. ಅದರಿಂದ ಪರದೇಶದ ಕಾರುಗಳಿಗೆ ಬ್ಯಾಟರಿ ಮಾಡುತ್ತಾರೆಂದು ತಿಳಿದದ್ದು ಗಣಿ ಕಂಪನಿಯ ರಾಡೊ ಬಂದ ಮೇಲೆ. ರಾಜಧಾನಿಯವನು, ನಮ್ಮದೇ ಭಾಷೆ, ಬೆಲ್ಲದಂಥ ಮಾತು.

“ದೊಡ್ಡೋರೇ, ನೀವು ಹಿರಿಯರ ಅಪ್ಪಣೆ ಕೇಳಿದ್ರೆ ಸಾಕು, ಊರು ಒಪ್ಪತ್ತೆ. ನಾವು ಅಗೆಯೋದು ಹೊಳೆ ಆಚೆ ಮಾತ್ರ. ಗೋರಿ ಗುಡ್ಡ ಮುಟ್ಟಲ್ಲ. ಇಡೀ ಮಡಗಾಸ್ಕರ್ ಉದ್ಧಾರ ಆಗತ್ತೆ.”

“ಮಡಗಾಸ್ಕರ್ ಆಮೇಲೆ. ನಮ್ಮೂರಿಗೆ ಕರೆಂಟ್ ಬರತ್ತೇನಪ್ಪ?” ಅಂದೆ ನಾನು.

“ಬರತ್ತಕ್ಕಾ.”

ಮಾವ ನಂಬಿದ. ರಾಡೊ ತಂದುಕೊಟ್ಟ ಎತ್ತು ಕಡಿದು, ರಮ್ ಸುರಿದು, ಊರೆಲ್ಲ ಕೇಳುವಂತೆ ಹೇಳಿದ: “ನಾನು ಬೆಮಿರಾಯ್. ಅಮ್ಮಾ, ಹೊಳೆ ಆಚೆ ಅಗೀತಾರೆ. ನಿನ್ನ ಹತ್ರ ಯಾರೂ ಬರಲ್ಲ. ಇದು ನನ್ನ ಮಾತು.”

ಮೂರು ವರ್ಷ ಲಾರಿಗಳು ಕಲ್ಲಿನ ಪುಡಿ ತುಂಬಿಕೊಂಡು ಬಂದರಿಗೆ ಹೋದವು. ನಾವು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಅನ್ನ ಉಂಡೆವು. ಆಮೇಲೊಂದು ದಿನ ರಾಡೊ ಇನ್ನೊಂದು ಎತ್ತು ಹಿಡಿದುಕೊಂಡು ಬಂದ.

“ಕಂಪನಿ ಬೇರೆಯವರ ಕೈಗೆ ಹೋಯ್ತು ದೊಡ್ಡೋರೇ. ಕಲ್ಲು ಗುಡ್ಡದ ಕೆಳಗೂ ಇದೆಯಂತೆ. ಸರ್ಕಾರದ ಕಾಗದ ಆಗಿದೆ. ಇನ್ನೊಂದ್ಸಲ ಅಪ್ಪಣೆ ಕೇಳ್ಬಿಡಿ.”

“ನೀನು ಮಾತು ಕೊಟ್ಟಿದ್ಯಲ್ಲೋ,” ಅಂದ ಮಾವ.

“ಕೊಟ್ಟಿದ್ದು ಹಳೇ ಕಂಪನಿ.”

“ನಾನು ಹಳಬನೇ ಇದೀನಿ. ಅಮ್ಮನಿಗೆ ಏನಂತ ಹೇಳ್ಲಿ?”

ರಾಡೊ ಎತ್ತನ್ನು ನಮ್ಮ ಬೇಲಿಗೆ ಕಟ್ಟಿ ಹೋದ. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ನಾನು ಎತ್ತನ್ನು ಬಿಚ್ಚಿ ಅಟ್ಟಿದೆ. ಅಷ್ಟಕ್ಕೆ ಯಂತ್ರಗಳು ನಿಲ್ಲುತ್ತವೆಯೇ? ಪೊಲೀಸರ ಕಾವಲಿನಲ್ಲಿ ಮೂಳೆಗಳನ್ನು ಎತ್ತಿ, ರಸ್ತೆ ಬದಿಯ ಸಿಮೆಂಟ್ ಗೋರಿಗೆ ಹಾಕಿದರು.

ಮಾವ ರಮ್ ಹಿಡಿದು ಅಲ್ಲಿಗೆ ಬಂದ. ಹಿರಿಯರಿಗೆ ಅವನು ಏನು ಹೇಳುತ್ತಾನೋ ಎಂದು ಊರೆಲ್ಲ ಕಾದು ನಿಂತಿತ್ತು. ಬಾಟಲಿ ಬಗ್ಗಿಸಿದ, ಬಾಯಿ ತೆರೆಯಲಿಲ್ಲ.

“ಹೆಸರು ಹೇಳು ಮಾವ,” ಅಂದೆ ಮೆಲ್ಲಗೆ.

“ಬೇಡ ಕಣೇ. ಯಾರೋ ದಾರಿಹೋಕ ಸುರಿದ ಅಂದ್ಕೊಳ್ಲಿ. ನಾನು ಅಂತ ಗೊತ್ತಾದ್ರೆ ಅಮ್ಮ ಕುಡಿಯಲ್ಲ.”