ಹಿಂಬದಿ ಇಲ್ಲದ ಕ್ಯಾಮೆರಾ

ಅಂಬ್ರೀನ್ ಹನ್ನೊಂದು ವರ್ಷ ಶಿವಾಜಿನಗರದ ಮದುವೆಗಳಲ್ಲಿ ಹೆಂಗಸರ ಕಡೆಯ ವಿಡಿಯೊ ತೆಗೆದವಳು. ಗಂಡಸರ ಕ್ಯಾಮೆರಾ ಒಳಗೆ ಬರುವಂತಿಲ್ಲದ ಮನೆಗಳವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಯಾರಾದರೂ ಬೇಡವೆಂದರೆ ಅವಳ ಕ್ಯಾಮೆರಾ ಅವರ ಕಡೆ ಅಪ್ಪಿತಪ್ಪಿಯೂ ತಿರುಗುತ್ತಿರಲಿಲ್ಲ.

ಅಂಥವಳು ಇಂದಿರಾನಗರದ ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ, ಸಿನಿಮಾ ತರಗತಿಗೆ ಬಂದು ನನ್ನ ಪಕ್ಕ ಕೂತಳು. ನಾನು ಪ್ರಿಯಾ, ಕಗ್ಗದಾಸಪುರದವಳು, ಎಡಿಟಿಂಗ್ ಬಲ್ಲೆನೆಂಬ ಜಂಭ ಬೇರೆ. ಮೊದಲ ದಿನವೇ ಇಬ್ಬರ ಜಂಭವೂ ಇಳಿಯಿತು. ಅಲ್ಲಿನ ಕ್ಯಾಮೆರಾಗೆ ಸುತ್ತಲೂ ಕಣ್ಣು. ಹಿಂದೆ ನಿಲ್ಲಲು ಜಾಗವೇ ಇಲ್ಲ. ತೆಗೆಯುವವರೂ ಕೋಣೆ ಬಿಟ್ಟು ಹೋಗಬೇಕು. ಹೆಡ್‌ಸೆಟ್ ಹಾಕಿಕೊಂಡವರು ಎತ್ತ ಕತ್ತು ತಿರುಗಿಸಿದರೆ ಅತ್ತಲಿನದು ಕಾಣುತ್ತದೆ.

"ಹಂಗಾದ್ರೆ ಏನ್ ತೋರಿಸ್ಬಾರ್ದು ಅಂತ ತೀರ್ಮಾನ ಮಾಡೋರು ಯಾರು ಸರ್?" ಎಂದು ಅಂಬ್ರೀನ್ ಕೇಳಿದಳು. ಪಾಠ ಹೇಳುತ್ತಿದ್ದ ಸಿದ್ಧಾರ್ಥ್ ಸರ್ ನಕ್ಕರು. ನನಗೆ ಆ ನಗು ಹಿಡಿಸಲಿಲ್ಲ.

ಕೊನೆಯ ಪರೀಕ್ಷೆಗೆ ಮೂರು ನಿಮಿಷದ ಚಿತ್ರ. ಗೆದ್ದ ಒಬ್ಬರಿಗೆ ಸರ್ ಸ್ಟುಡಿಯೋದಲ್ಲೇ ಕೆಲಸ. ಅಂಬ್ರೀನ್ ಪಕ್ಕದ ಮನೆಯ ರಿಮ್ಶಾಳ ಮದುವೆಯಲ್ಲಿ, ಮದುಮಗಳನ್ನು ಕಳಿಸಿಕೊಡುವ ಹೊತ್ತಿಗೆ, ಹೆಂಗಸರ ಕೋಣೆಯ ನಡುವೆ ಕ್ಯಾಮೆರಾ ನಿಲ್ಲಿಸಿದಳು. ಒಪ್ಪಿದವರು ಮಾತ್ರ ತಲೆಗೆ ಸೆರಗು ಹೊದ್ದು ಕೂತರು. ರಿಮ್ಶಾಳ ತಾಯಿ ಜಹನಾರಾ ಒಪ್ಪಲಿಲ್ಲ. ಪರಗಂಡಸರ ಕಣ್ಣಿಗೆ ಬೀಳದೆ ಬಾಳಿದವರು.

"ನೀವು ಎಲ್ಲೂ ಕಾಣಲ್ಲ ಖಾಲಾ" ಎಂದು ಅಂಬ್ರೀನ್ ಮಾತು ಕೊಟ್ಟಳು.

ಆದರೆ ಮಗಳು ಹೊರಡುವಾಗ ತಾಯಿಗೆ ಕ್ಯಾಮೆರಾ ನೆನಪಿರುತ್ತದೆಯೇ? ಒಳಗೆ ಬಂದು ಮೂಲೆಯಲ್ಲಿ ಕುಸಿದರು. ಸೆರಗು ಜಾರಿ ಕೂದಲು ಬಿಚ್ಚಿದ್ದೂ ತಿಳಿಯದೆ ಗೋಡೆಗೆ ಮುಖ ಹಚ್ಚಿ ಅತ್ತರು. ಹೊರಗಿದ್ದ ಅಂಬ್ರೀನ್‌ಗೆ ಇದು ಗೊತ್ತಾದದ್ದು ಎಡಿಟಿಂಗ್‌ಗೆ ಕೂತಾಗಲೇ. ನಾವಿಬ್ಬರೂ ಎರಡು ದಿನ ಒದ್ದಾಡಿ, ಆ ಮೂಲೆಯ ಮೇಲೆ ಖಾಲಿ ಗೋಡೆಯ ಚಿತ್ರ ಹೊದಿಸಿ ಅವರನ್ನು ಮರೆಮಾಡಿದೆವು.

ಪರೀಕ್ಷೆಯ ದಿನ ಸರ್ ತಿರುಗುವ ಕುರ್ಚಿಯಲ್ಲಿ ಕೂತು ಹೆಡ್‌ಸೆಟ್ ಹಾಕಿಕೊಂಡರು. ಅವರು ನೋಡುತ್ತಿದ್ದುದು ಟಿವಿಯಲ್ಲಿ ಇಡೀ ತರಗತಿಗೆ ಕಾಣುತ್ತಿತ್ತು. ಮೊದಲು ಬರಬೇಕಾದ ಚಿತ್ರದ ಹೆಸರು ಬರಲಿಲ್ಲ. ನಾನು ಪೆನ್‌ಡ್ರೈವ್‌ಗೆ ಹಾಕಿದ್ದು ಗೋಡೆ ಹೊದಿಸಿ ಹೆಸರು ಸೇರಿಸುವ ಮೊದಲಿನ ಪ್ರತಿ.

"ಪ್ರಿಯಾ, ಇದು ಹಳೇದು ಕಣೇ" ಎಂದು ಅಂಬ್ರೀನ್ ಉಸುರಿದಳು.

ನಿಲ್ಲಿಸಿದರೆ ಇನ್ನೊಂದು ಅವಕಾಶವಿಲ್ಲವೆಂದು ಮೊದಲೇ ಹೇಳಿದ್ದರು. ಅವಳು ಸರ್ ಕತ್ತನ್ನೇ ನೋಡುತ್ತ ಕೂತಳು. ಮದುಮಗಳು ಎದ್ದಳು. ಬಾಗಿಲ ಕಡೆ ನಡೆದಳು. ಕುರ್ಚಿಯೂ ಅತ್ತಲೇ ಇತ್ತು. ಚಿತ್ರ ಮುಗಿಯಲು ಇನ್ನು ನಲವತ್ತು ಸೆಕೆಂಡು. ಹಾಗೇ ಇರಪ್ಪ ಪುಣ್ಯಾತ್ಮ, ಎಂದು ನಾನು ಬೇಡಿಕೊಂಡೆ.

ಆಗ ಚಿತ್ರದೊಳಗೆ, ಹಿಂದಿನಿಂದ, ಬಿಕ್ಕುವ ಸದ್ದು ಕೇಳಿತು. ಸದ್ದಿನಿಂದ ನೋಡುಗರ ಕತ್ತು ತಿರುಗಿಸಬಹುದೆಂದು ಕಲಿಸಿದವರೇ ಸರ್. ಕುರ್ಚಿ ತಿರುಗತೊಡಗಿತು. ಟಿವಿಯಲ್ಲಿ ಕಿಟಕಿ ಬಂತು, ಬೀರು ಬಂತು, ಹಸಿರು ಸೆರಗಿನ ಅಂಚು ಬಂತು.

ಅಂಬ್ರೀನ್ ಹಾರಿ ಹೋಗಿ ಹೆಡ್‌ಸೆಟ್ ಕಿತ್ತು ಹೊಟ್ಟೆಗೆ ಅವಚಿಕೊಂಡಳು. ಟಿವಿ ಕಪ್ಪಾಯಿತು.

"ಏನ್ರೀ ಇದು?"

"ಸಾರಿ ಸರ್. ಇದು ನೀವು ನೋಡೋದಲ್ಲ."

ಕೆಲಸ ಅಲ್ಲೇ ಕೈತಪ್ಪಿತು. ತಪ್ಪು ನನ್ನದು, ಕಳೆದುಕೊಂಡವಳು ಅವಳು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಸಂಜೆ ಜಹನಾರಾ ಮನೆಗೆ ಹೋದೆವು. ಹೇಳದಿದ್ದರಾಯಿತಲ್ಲ ಎಂದೆ, ಅಂಬ್ರೀನ್ ಕೇಳಲಿಲ್ಲ. ಸೆರಗಿನ ಅಂಚು ಕಂಡಿತ್ತೆಂಬುದನ್ನೂ ಬಿಡದೆ ಎಲ್ಲ ಹೇಳಿದಳು. ಜಹನಾರಾ ಮುಖ ಗಂಟಿಕ್ಕಿಕೊಂಡರು. ನನಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದರು.

"ನನ್ ಮುಂದೇನೇ ಅಳಿಸು. ಈಗ್ಲೇ."

"ಅಳಿಸ್ತೀನಿ ಖಾಲಾ. ಏನಿದೆ ಅಂತ ನೀವೇ ಒಂದ್ಸಲ ನೋಡ್ಬಿಡಿ."

"ಏನ್ ನೋಡೋದು? ನಾನ್ ಅಳೋದು, ಅವ್ಳು ತಿರುಗೂ ನೋಡ್ದೆ ಹೋಗೋದು."

ರಿಮ್ಶಾ ಹೋದದ್ದು ಆಟೋದಲ್ಲಿ ಹತ್ತು ನಿಮಿಷದ ಬೆನ್ಸನ್ ಟೌನ್‌ಗೆ. ಆದರೂ ತಾಯಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಅಂಬ್ರೀನ್ ಬಾಡಿಗೆಗೆ ತಂದಿದ್ದ ಹೆಡ್‌ಸೆಟ್ ತೊಡಿಸಿದಳು. ಜಹನಾರಾ ಮೊದಲು ತಮ್ಮನ್ನೇ ನೋಡಿಕೊಂಡರು. ಆಮೇಲೆ ನಿಧಾನವಾಗಿ ಬಾಗಿಲ ಕಡೆ ಹೊರಳಿದರು. ನಾನು ಲ್ಯಾಪ್‌ಟಾಪ್‌ನಲ್ಲಿ ನೋಡುತ್ತಿದ್ದೆ. ಮೂಲೆ ಮುಚ್ಚುವ ಭರದಲ್ಲಿ ನಾವು ಆ ಬಾಗಿಲನ್ನು ಸರಿಯಾಗಿ ನೋಡಿರಲೇ ಇಲ್ಲ. ರಿಮ್ಶಾ ಹೊಸ್ತಿಲಲ್ಲಿ, ಎಳೆಯುತ್ತಿದ್ದವರ ಕೈ ಬಿಡಿಸಿಕೊಂಡು, ತಾಯಿಯ ಬೆನ್ನನ್ನೇ ನೋಡುತ್ತ ನಿಂತಿದ್ದಳು.

"ಈಗ ಅಳಿಸ್ತೀನಿ ಖಾಲಾ" ಎಂದು ಅಂಬ್ರೀನ್ ಲ್ಯಾಪ್‌ಟಾಪ್‌ಗೆ ಕೈ ಚಾಚಿದಳು. ಜಹನಾರಾ ಕಾಣದೆ ತಡಕಾಡಿ ಅವಳ ಮಣಿಕಟ್ಟು ಹಿಡಿದರು.

"ತಡಿ ಬೇಟಿ, ಅಳಿಸ್ಬೇಡ. ಇನ್ನೂ ನಿಂತಿದಾಳೆ."